ಗುಡುಗಿಗೊಂದು ತುತ್ತು ರೊಟ್ಟಿ

ಭಂಡಾರಿ ಎಂಬ ನಾಯಿ ಒಂದೇ ಮಳೆಗಾಲದಲ್ಲಿ ಮಾಡಿಸಿದ ಖರ್ಚನ್ನು ಶಿವರುದ್ರಪ್ಪನವರು ಬೆರಳು ಮಡಿಚಿ ಹೇಳುತ್ತಿದ್ದರು. ಬಾಡಿಗೆಮನೆಯ ಒಡತಿ ರಂಗೂಬಾಯಿಯ ಉಪ್ಪಿನಕಾಯಿ ಭರಣಿ ಎರಡು ಒಡೆದದ್ದಕ್ಕೆ, ಮಾಲು ಸಮೇತ ಮೂರು ರೂಪಾಯಿ. ಅಂಗಳದ ತುಳಸಿಕಟ್ಟೆಯ ಮೂಲೆ ಮುರಿದದ್ದಕ್ಕೆ ಗೌಂಡಿಗೆ ಒಂದು ರೂಪಾಯಿ. ಹಿತ್ತಲ ಬಾಗಿಲನ್ನು ಕೆರೆದು ಕೆರೆದು ತೂತು ಮಾಡಿದ್ದಕ್ಕೆ ಹೊಸ ಹಲಗೆ, ಬಡಗಿಯ ಕೂಲಿ, ಎರಡೂವರೆ. ಓಡಿಹೋದದ್ದನ್ನು ಹಡಪಸರದಿಂದ ಟಾಂಗಾದಲ್ಲಿ ಕೂಡಿಸಿಕೊಂಡು ತಂದದ್ದು ಹನ್ನೆರಡಾಣೆ. ಮುನ್ಸಿಪಾಲಿಟಿಯ ಕೊರಳಬಿಲ್ಲೆ ಬೇರೆ, ರೊಟ್ಟಿ ಬೇರೆ.

“ಇಷ್ಟ ರೊಕ್ಕದಾಗ ಹಾಲು ಕೊಡೂ ಆಡು ಬರ್ತಿತ್ತು,” ಎನ್ನುತ್ತಿದ್ದರು.

“ಆಡು ಕಟ್ಟಲಿಕ್ಕೆ ಜಾಗಾ ಎಲ್ಲದ್ರಿ? ನಿಮ್ಮ ಹಾಸಿಗಿ ಮ್ಯಾಲೇನು?” ಎಂದು ಹೆಂಡತಿ ಕಾಶವ್ವ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು.

ಜಾಗದ ಮಾತೇ ಆ ಮನೆಯ ಹುಣ್ಣು. ಪುಣೆಯ ಸೋಮವಾರ ಪೇಟೆಯ ಒಂದು ಹಳೆಯ ವಾಡೆಯ ಹಿಂಭಾಗದಲ್ಲಿ ಎರಡು ಖೋಲಿ, ಒಂದು ಅಡಿಗೆಮನೆ. ಶಿವರುದ್ರಪ್ಪನವರು ಧಾರವಾಡ ಬಿಟ್ಟು ಬಂದು ಭವಾನಿ ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಇಪ್ಪತ್ತು ವರ್ಷ ದಾಟಿತ್ತು. ಅಂಗಡಿಯ ಮಾಲು ಹೆಚ್ಚಾಗಿ ಹೋಗುತ್ತಿದ್ದುದು ದಂಡಿನವರಿಗೆ. ಮಗ ನಿಜಲಿಂಗಪ್ಪ ಖಡಕಿಯ ಮದ್ದಿನ ಕಾರಖಾನೆಯಲ್ಲಿ ಕಾರಕೂನ. ದಿನಾ ಸೈಕಲ್ ತುಳಿದು ಹೋಗಿ ಬರುತ್ತಿದ್ದ. ಸೊಸೆ ಕಲ್ಲವ್ವ ಬೈಲಹೊಂಗಲದ ಕಡೆಯ ಹಳ್ಳಿಯವಳು, ಮದುವೆಯಾಗಿ ಎರಡು ವರ್ಷ. ಯುದ್ಧ ಶುರುವಾದ ಮೇಲೆ ಪುಣೆಯಲ್ಲಿ ಖೋಲಿ ಸಿಗುವುದೆಂದರೆ ದೇವರು ಸಿಕ್ಕಷ್ಟೇ. ಇದ್ದದ್ದನ್ನು ಬಿಟ್ಟರೆ ಬೀದಿ.

ನಾಯಿಯನ್ನಾದರೂ ಬಿಡಬಹುದಿತ್ತಲ್ಲ ಎಂದರೆ ಅದು ಆಗುವಂತಿರಲಿಲ್ಲ. ಆ ಮನೆತನದ ದೇವರು ಮೈಲಾರಲಿಂಗ. ಪುಣೆಗೆ ಬಂದಂದಿನಿಂದ ಜೇಜುರಿಯ ಖಂಡೋಬನೇ ಅವರ ಮೈಲಾರ. ಮೂರು ವರ್ಷದ ಹಿಂದೆ ಚಂಪಾಷಷ್ಠಿಗೆ ಕಾಶವ್ವ ಜೇಜುರಿಗೆ ಹೋದಾಗ, ಬೆನ್ನ ಮೇಲೆಲ್ಲ ಭಂಡಾರದ ಅರಿಷಿಣ ಬಿದ್ದ ಒಂದು ಮರಿ ಗುಡಿಯ ಪಾವಟಿಗೆಯಿಂದ ಅವಳ ಹಿಂದೆಯೇ ಇಳಿದು, ಸ್ಟೇಶನ್ನಿನವರೆಗೆ ಬಂದು, ಗಾಡಿಯ ಬಾಕಿನ ಕೆಳಗೆ ಸೇರಿಕೊಂಡು ಪುಣೆಗೆ ಬಂತು. ಮೈಲಾರನ ವಾಹನ ಕುದುರೆಯಾದರೆ ಜೊತೆಗಾರ ನಾಯಿ. ದೇವರೇ ಕೊಟ್ಟು ಕಳಿಸಿದ್ದನ್ನು ಹೊರಗೆ ಹಾಕುವವರು ಯಾರು? ಭಂಡಾರಿ ಎಂದೇ ಹೆಸರಿಟ್ಟರು.

ಕಾಶವ್ವನಿಗೆ ಇನ್ನೊಂದು ನೇಮವಿತ್ತು. ಐತವಾರ ಐತವಾರ ಖಂಡೋಬನ ಹೆಸರಲ್ಲಿ, ಅರಿಷಿಣದ ಚೀಲ ಇಳಿಬಿಟ್ಟುಕೊಂಡು ವಾಘ್ಯಾಗಳು ಭಿಕ್ಷೆಗೆ ಬರುತ್ತಿದ್ದರು. ಯಾರೇ ಬರಲಿ, ಅವಳು ಹಿಟ್ಟು ನೀಡಿ ಕಾಲು ಮುಟ್ಟುವಳು. “ಅರಿಷಿಣ ನೋಡಿ ನೀಡಬೇಕು, ಮಾರಿ ನೋಡಿ ನೀಡಬಾರ್ದು” ಎಂದು ಸೊಸೆಗೂ ಕಲಿಸಿದ್ದಳು. ೧೯೪೪ರ ಮಾಘದ ಭಾರತ ಹುಣ್ಣಿಮೆಯ ಹಿಂದಿನ ಐತವಾರ ಬಂದ ಗಡ್ಡದ ವಾಘ್ಯಾನಿಗಂತೂ ಸೇರು ಹಿಟ್ಟು ನೀಡಿ, ಮೇಲೆ ಬೆಲ್ಲದ ಹೆಂಟೆ ಇಟ್ಟಿದ್ದಳು. ಕಲ್ಲವ್ವ ಬಾಗಿಲ ಹಿಂದೆ ನಿಂತವಳು ಹೊರಗೆ ಬಂದು ನಮಸ್ಕಾರ ಮಾಡಲಿಲ್ಲವೆಂದು ಆ ದಿನ ಬೈಗುಳ ತಿಂದಿದ್ದಳು.

ಭಂಡಾರಿ ಬಡಪಾಯಿ ನಾಯಿ. ಕಚ್ಚಿದ್ದಿಲ್ಲ, ಕದ್ದದ್ದಿಲ್ಲ. ಆದರೆ ಗುಡುಗಿದರೆ ಅದು ತನ್ನ ಕೈಯಲ್ಲಿ ತಾನಿರುತ್ತಿರಲಿಲ್ಲ. ಊಳಿಡುವುದು, ಗೋಡೆ ಹತ್ತುವುದು, ಸಿಕ್ಕ ಸಂದಿಯಲ್ಲಿ ನುಗ್ಗುವುದು. ಮದುವೆಯ ಪಟಾಕಿ, ಖಡಕಿ ಕಡೆಯ ತೋಪಿನ ಸದ್ದು, ಕಡೆಗೆ ಕೈಜಾರಿ ಬಿದ್ದ ಪರಾತ, ಎಲ್ಲಕ್ಕೂ ಹಾಗೆಯೇ.

೧೯೪೪ರ ಯುಗಾದಿಯ ಮರುದಿನ ರಂಗೂಬಾಯಿ ಸೆರಗು ಬಿಗಿದುಕೊಂಡು ಬಂದಳು. ಅವಳು ಮಾತಾಡುವುದು ಮರಾಠಿ. ಕಾಶವ್ವ ಉತ್ತರ ಕೊಡುವುದು ಅರ್ಧ ಮರಾಠಿ, ಅರ್ಧ ಕನ್ನಡ. ಜಗಳಕ್ಕೆ ಅಷ್ಟು ಸಾಕಾಗುತ್ತಿತ್ತು.

“ಕಾಶೀಬಾಯಿ, ಈ ಮಳೆಗಾಲ ನಿಮ್ಮ ನಾಯಿ ಒಂದು ಸಲ ಊಳಿಟ್ಟರೂ ನಾಗರಪಂಚಮಿಯೊಳಗೆ ಖೋಲಿ ಬಿಡಬೇಕು. ರೇಶನ್ ಕಚೇರಿಯ ಸಾಹೇಬರು ಎರಡು ಪಟ್ಟು ಬಾಡಿಗೆ ಕೊಡುತ್ತೇನೆಂದು ಕಾದು ಕೂತಿದ್ದಾರೆ.”

“ನಾಯಿ ನಮ್ಮದಲ್ಲ ಬಾಯಿ, ಖಂಡೋಬಾನದು.”

“ಹಾಗಾದರೆ ಬಾಡಿಗೆಯನ್ನೂ ಖಂಡೋಬಾನೇ ಕೊಡಲಿ!”

ಅಂದಿನ ಊಟ ಬಿಸಿಯಾಗಿಯೇ ನಡೆಯಿತು. ಶಿವರುದ್ರಪ್ಪ ಬೆತ್ತದ ಮಾತೆತ್ತಿದರು. ಹಿಂದಿನ ವರ್ಷ ಬೆತ್ತದಿಂದ ನಾಯಿ ಇನ್ನಷ್ಟು ಕೆಟ್ಟದ್ದನ್ನು ಮಗ ನೆನಪಿಸಿದ. ಕಿವಿಗೆ ಅರಳೆ ಇಟ್ಟು ನೋಡೋಣ ಎಂದು ಅವನೆಂದರೆ, ಅದು ಅರಳೆಯನ್ನೇ ನುಂಗಿದ್ದನ್ನು ತಾಯಿ ನೆನಪಿಸಿದಳು. ಹಣೆಗೆ ಭಂಡಾರ ಹಚ್ಚಿದರೆ ಸಾಕೆಂದು ಕಾಶವ್ವನ ನಂಬಿಗೆ. ಹಚ್ಚಿ ಹಚ್ಚಿ ನಾಯಿ ಹಳದಿಯಾಗಿತ್ತೇ ಹೊರತು ಧೈರ್ಯ ಬಂದಿರಲಿಲ್ಲ.

ಕಲ್ಲವ್ವ ಸಾರು ಬಡಿಸುತ್ತ ಮೆಲ್ಲಗೆ ಹೇಳಿದಳು. “ನಮ್ಮಪ್ಪ ಕಾರಹುಣ್ಣಿಮಿಗೆ ಹೋರಿ ರೂಢಿ ಮಾಡ್ತಾನ್ರಿ. ಹಲಿಗಿ, ಪಟಾಕಿಗೆ ಬೆದರಿದ್ರ ಓಡಿ ಹೋಗಿ ಕರಿ ಹಗ್ಗ ಹರಿಯೂದಾದ್ರೂ ಹ್ಯಾಂಗ? ಅದಕ್ಕ ತಿಂಗಳ ಮುಂಚೇನ ಶುರು ಮಾಡೂದು. ದೂರ ಒಬ್ಬಾವ ಹಲಿಗಿ ಬಡಿಯೂದು, ಇಲ್ಲೆ ಹೋರಿ ಬಾಯಿಗೆ ಹಿಂಡಿ ಹಿಡಿಯೂದು. ದಿನಾ ಒಂದೀಟು ಹತ್ರ, ಒಂದೀಟು ಜೋರ. ಆಮ್ಯಾಲ ಹಲಿಗಿ ಕೇಳಿದ್ರ ಹೋರಿ ಹಿಂಡಿ ಎಲ್ಲಿ ಅಂತ ನೋಡತೈತಿ. ನಾಯಿಗೂ ಹಂಗ ಮಾಡಿದ್ರ...”

ನಿಜಲಿಂಗಪ್ಪ ನಕ್ಕ. “ಯವ್ವಾ, ನಿನ್ನ ಸೊಸಿ ನಾಯಿಗೆ ಸಾಲಿ ತೆಗೀತಾಳ!”

“ತೆಗೀಲಿ. ಗುಡುಗು ಬಡಿಯೂ ಮಾಸ್ತರನ್ನ ಎಲ್ಲಿಂದ ತರ್ತಾಳ?” ಎಂದರು ಶಿವರುದ್ರಪ್ಪ. “ರೇಶನ್ ಜೋಳದಾಗ ಮಂದೀಗೇ ಅರೆಹೊಟ್ಟಿ. ನಾಯಿಗೆ ಸದ್ದಿಗೊಂದು ರೊಟ್ಟಿ ಅಂತ!”

ಕಲ್ಲವ್ವ ಮತ್ತೆ ಮಾತಾಡಲಿಲ್ಲ. ಮಾತಾಡದವರು ಒಪ್ಪಿಕೊಂಡರೆಂದು ತಿಳಿಯುವುದು ಗಂಡಸರ ಹಳೆಯ ತಪ್ಪು.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅವಳು ಒಗೆಯುವ ಬಟ್ಟೆ ಕಟ್ಟಿಕೊಂಡು, ನಾಯಿಯನ್ನು ಹಗ್ಗ ಹಿಡಿದು, ನಾಗಝರಿ ಹಳ್ಳದ ದಂಡೆಗೆ ಹೋಗತೊಡಗಿದಳು. ಅಲ್ಲೊಂದು ಹಾಳುಬಿದ್ದ ಕುದುರೆ ತಬೇಲಾ ಇತ್ತು. ಮೊದಲು ಸೌಟಿನಿಂದ ತಾಟಿಗೆ ಮೆಲ್ಲಗೆ ತಟ್ಟುವುದು, ತಟ್ಟಿದೊಡನೆ ರೊಟ್ಟಿಯ ತುಣುಕು ಕೊಡುವುದು. ಆ ರೊಟ್ಟಿ ಅವಳ ಊಟದ್ದೇ. ತಿಂದಂತೆ ಮಾಡಿ ಅರ್ಧವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ನಾಯಿ ನಡುಗಿದರೆ ಬೈಯುತ್ತಿರಲಿಲ್ಲ, ಅಪ್ಪಿಕೊಂಡು ರಮಿಸುತ್ತಲೂ ಇರಲಿಲ್ಲ. ಸದ್ದು ಸಣ್ಣದು ಮಾಡಿ ಮತ್ತೆ ಹಿಂದಿನ ಮೆಟ್ಟಿಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಕಾಳಿನ ಪೆಟ್ಟಿಗೆಯ ಕೆಳಗೆ ಹಳೆಯ ಕೌದಿ ಇಳಿಬಿಟ್ಟು ಕತ್ತಲೆಯ ಗೂಡು ಮಾಡಿದಳು. ಗಂಡನ ಹರಕು ಧೋತರದ ಪಟ್ಟಿಯನ್ನು ಬಾಣಂತಿ ಕೂಸಿಗೆ ಸುತ್ತುವಂತೆ ನಾಯಿಯ ಎದೆಗೆ ಬಿಗಿಯಾಗಿ ಸುತ್ತಿದರೆ ನಡುಕ ಕಡಿಮೆಯಾಗುವುದೆಂದೂ ಕಂಡುಕೊಂಡಳು.

ತಾಟು ಹೋಗಿ ಡಬ್ಬಿಯ ಮುಚ್ಚಳ ಬಂತು. ಆದರೆ ಗುಡುಗೆಂದರೆ ಮುಚ್ಚಳವಲ್ಲ. ತವರಿನಲ್ಲಿ ಹುಡುಗರು ಹೋಳಿ ಹಬ್ಬದಲ್ಲಿ ಆಡುತ್ತಿದ್ದ ಆಟವೊಂದು ಅವಳಿಗೆ ನೆನಪಾಯಿತು. ಪೊಳ್ಳು ಕೀಲಿಕೈಯ ತೂತಿಗೆ ಕಡ್ಡಿಪೆಟ್ಟಿಗೆಯ ಕಡ್ಡಿಗಳ ಮದ್ದು ಕೆರೆದು ತುಂಬಿ, ಮೊಳೆ ಚುಚ್ಚಿ, ಕಲ್ಲಿಗೆ ಬಡಿದರೆ ಠಾಂ ಎಂದು ಸಿಡಿಯುತ್ತದೆ. ಮನೆಯಲ್ಲಿ ಪೊಳ್ಳು ಕೀಲಿಕೈ ಇದ್ದದ್ದು ಒಂದೇ, ಅತ್ತೆಯ ಸಂದೂಕದ್ದು. ದೇವರ ಜಗಲಿಯಲ್ಲಿ ಮೈಲಾರನ ಪಟದ ಹಿಂದೆ ತೂಗುತ್ತಿತ್ತು. ತೆಗೆದುಕೊಂಡು ಹೋಗಿ, ಅತ್ತೆ ಏಳುವುದರೊಳಗೆ ತಂದಿಡುತ್ತಿದ್ದಳು.

ಮೊದಲ ಸಲ ಅವಸರ ಮಾಡಿದಳು. ಹತ್ತಿರವೇ ಸಿಡಿಸಿದ್ದಕ್ಕೆ ನಾಯಿ ಹಗ್ಗ ಕಿತ್ತುಕೊಂಡು ಓಡಿತು. ನಿಜಲಿಂಗಪ್ಪ ಕೆಲಸದಿಂದ ಬಂದವನು ಚಹಾ ಕೂಡ ಕುಡಿಯದೆ ಹುಡುಕಿ, ಕುಂಬಾರರ ಓಣಿಯಿಂದ ಎಳೆದು ತಂದ. ಕಲ್ಲವ್ವ ಮರುದಿನ ಮತ್ತೆ ಸೌಟು, ತಾಟಿನಿಂದ ಶುರು ಮಾಡಿದಳು.

ಇತ್ತ ಏಪ್ರಿಲಿನಲ್ಲಿ ಮುಂಬೈ ಬಂದರಿನಲ್ಲಿ ಹಡಗು ಸಿಡಿದ ಸುದ್ದಿ ಬಂತು. ಹಿಂದಿನ ವರ್ಷ ಕ್ಯಾಂಪಿನ ಸಿನಿಮಾ ಮಂದಿರದಲ್ಲಿ ಬಾಂಬು ಸಿಡಿದದ್ದನ್ನೇ ಊರು ಮರೆತಿರಲಿಲ್ಲ. ಯಾರ ಕೈಚೀಲ ದಪ್ಪಗಿದ್ದರೂ ಜನ ತಿರುಗಿ ನೋಡುವ ಕಾಲ ಅದು.

ಶಿವರುದ್ರಪ್ಪನವರಿಗೆ ಅಂಜಲು ಸ್ವಂತದ ಕಾರಣವೂ ಇತ್ತು. ಕಲ್ಲವ್ವನ ಅಣ್ಣ ಗೂಳಪ್ಪ ನಲವತ್ತೆರಡರ ಚಳವಳಿಯಲ್ಲಿ ಅಂಚೆ ಕಚೇರಿ ಸುಟ್ಟವರೊಳಗೆ ಒಬ್ಬನೆಂದು ಪೊಲೀಸರ ಮಾತು. ಅಂದಿನಿಂದ ತಲೆಮರೆಸಿಕೊಂಡಿದ್ದ. ಒಮ್ಮೆ ಪೊಲೀಸರು ಈ ಮನೆಗೂ ಬಂದು, ಕಾಳಿನ ಪೆಟ್ಟಿಗೆಯೊಳಗೆ ಕೋಲು ಚುಚ್ಚಿ ನೋಡಿ ಹೋಗಿದ್ದರು.

ವೈಶಾಖದಲ್ಲಿ ಒಂದು ದಿನ ಅಂಗಡಿಯ ಮುಂದೆ ಟಾಂಗಾದವನೊಬ್ಬ ಹೇಳುತ್ತಿದ್ದ, ನಾಗಝರಿ ಕಡೆ ಮಟಮಟ ಮಧ್ಯಾಹ್ನ ಏನೋ ಠಾಂ ಠಾಂ ಅನ್ನುತ್ತದೆ, ಯಾರೋ ಬಾಂಬಿನ ಪರೀಕ್ಷೆ ಮಾಡುತ್ತಾರೆ ಎಂದು. ಶಿವರುದ್ರಪ್ಪನವರು ಕೈಯಲ್ಲಿನ ತಕ್ಕಡಿ ಕೆಳಗಿಟ್ಟರು. ಸೊಸೆ ದಿನಾ ಬಟ್ಟೆ ಒಗೆಯಲು ಹೋಗುವುದು ನಾಗಝರಿಗೆ. ದಿನಾ ಒಗೆಯುವಷ್ಟು ಬಟ್ಟೆ ಆ ಮನೆಯಲ್ಲಿ ಇರಲೇ ಇಲ್ಲ.

ನಿಜಲಿಂಗಪ್ಪನಿಗೆ ಮೂಗಿನಿಂದ ತಿಳಿಯಿತು. ಕಾರಖಾನೆಯ ದ್ವಾರದಲ್ಲಿ ಕಡ್ಡಿಪೆಟ್ಟಿಗೆ ಕೂಡ ಒಳಗೆ ಬಿಡುವುದಿಲ್ಲ. ದಿನಾ ಹಾಯುವವನಿಗೆ ಗಂಧಕದ ವಾಸನೆ ಗುರುತಿಲ್ಲದೆ ಇದ್ದೀತೆ? ಹೆಂಡತಿಯ ಸೆರಗಿನಲ್ಲಿ ಅದೇ ವಾಸನೆ.

“ಏನಿದು?”

“ಒಲಿ ಹೊತ್ತಿಸಿದ್ನಲ್ರಿ, ಕಡ್ಡಿ ವಾಸನಿ.”

“ಒಲಿಯಾಗಿನ ಕೆಂಡ ಆರಬಾರ್ದು ಅಂತ ಯವ್ವ ಬೂದಿ ಮುಚ್ಚಿ ಇಡ್ತಾಳ. ಕಡ್ಡಿ ಯಾಕ ಬೇಕು?”

ಕಲ್ಲವ್ವ ಸೆರಗು ಕೊಡವಿ ಒಳಗೆ ಹೋದಳು. ಅವನು ಮುಂದೆ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತೆಂಬ ಭಯ. ಅಂದಿನಿಂದ ಊಟಕ್ಕೆ ಕೂತಾಗ ಅವನು ಹೆಂಡತಿಯ ಕೈಬೆರಳು ನೋಡುತ್ತಿದ್ದ.

ಕಾಶವ್ವನ ಸಂಶಯ ಬೇರೆ ದಾರಿ ಹಿಡಿದಿತ್ತು. ಸಂದೂಕ ತೆಗೆಯಹೋದರೆ ಕೀಲಿಕೈ ತಿರುಗಲಿಲ್ಲ. ಎಣ್ಣೆ ಹಾಕಿ ಒದ್ದಾಡಬೇಕಾಯಿತು. ಬೆರಳಿಗೆಲ್ಲ ಕರಿ. ಒಳಗೆ ಬಂಗಾರದ ಬೋರಮಾಳ ಸರ ಇದ್ದಲ್ಲೇ ಇತ್ತು. ಇದ್ದಲ್ಲೇ ಇದ್ದದ್ದೇ ಅವಳಿಗೆ ಇನ್ನೂ ಸಂಶಯ. ಒಯ್ದು ಅಕ್ಕಸಾಲಿಗನಿಗೆ ತೋರಿಸಿದಳು. ಅವನು ಒರೆಗೆ ಹಚ್ಚಿ, “ಚೊಕ್ಕ ಬಂಗಾರ ಬಾಯಿ, ಇದೇ ನಿಮ್ಮದು” ಎಂದ. ಇವನನ್ನೂ ಸೊಸೆ ಒಳಗೆ ಹಾಕಿಕೊಂಡಿರಬಹುದೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದಳು.

“ರೊಟ್ಟಿ ಲೆಕ್ಕ ಸರಿ ಅದ,” ಎಂದು ಗಂಡನಿಗೆ ಹೇಳಿದಳು. “ಆದ್ರ ಅಕಿ ಸೊರಗಲಿಕತ್ತಾಳ ನೋಡ್ರಿ. ತಿಂತಾಳ, ಮೈಗೆ ಹತ್ತವಲ್ದು. ತಿಂದದ್ದು ಎಲ್ಲಿ ಹೋಗ್ತದ?”

“ಹಳ್ಳಕ್ಕ ಹೋಗ್ತದ,” ಎಂದರು ಶಿವರುದ್ರಪ್ಪ. “ಅಣ್ಣನ ಹೊಟ್ಟಿಗೆ.”

ಅಷ್ಟು ಹೇಳಿದ ಮೇಲೆ ಗಂಡ ಹೆಂಡಿರಿಬ್ಬರೂ ಬಾಗಿಲ ಕಡೆ ನೋಡಿದರು.

ಜ್ಯೇಷ್ಠದ ಐತವಾರ, ನಿಜಲಿಂಗಪ್ಪನಿಗೆ ಸುಟ್ಟಿ ಇದ್ದ ದಿನ, ಪೂಜೆ ಮುಗಿಸಿ ಕಾಶವ್ವ ಸೊಸೆಯನ್ನು ಜಗಲಿಯ ಮುಂದೆ ಕೂಡಿಸಿದಳು. ಮುಂದೆ ಕೀಲಿಕೈ ಇಟ್ಟಳು.

“ಇದರ ಬಾಯಾಗ ಮಸಿ ಯಾಕ ಬಂತು?”

ಕಲ್ಲವ್ವ ಮೂವರ ಮುಖ ನೋಡಿದಳು. ಇನ್ನು ಮುಚ್ಚುವುದರಲ್ಲಿ ಅರ್ಥವಿರಲಿಲ್ಲ. “ನಾಯಿ ಸಲುವಾಗ್ರಿ. ಗುಡುಗಿನ ರೂಢಿ ಮಾಡಾಕತ್ತಿದ್ನಿ. ಅದರಾಗ ಕಡ್ಡಿ ಮದ್ದು ತುಂಬಿ ಸಿಡಸತೇನಿ, ರೊಟ್ಟಿ ತಿನಸತೇನಿ. ನನ್ನ ಪಾಲಿಂದ.”

ಶಿವರುದ್ರಪ್ಪ ಮಗನ ಕಡೆ ತಿರುಗಿದರು. “ಕೇಳಿದೇನಪಾ? ಪೊಲೀಸರ ಮುಂದ ಹಿಂಗ ಹೇಳಿದ್ರ ನಮ್ಮನ್ನ ಯರವಡಾ ಜೇಲಿಗಲ್ಲ, ಯರವಡಾ ಹುಚ್ಚರ ದವಾಖಾನಿಗೆ ಒಯ್ತಾರ.”

“ಖರೇನ ಐತ್ರಿ ಮಾವಾರ. ಈಗ ಬೇಕಂದ್ರ ಅಂಗಳದಾಗ ಸಿಡಿಸಿ ತೋರಸತೇನಿ.”

“ಸಿಡಸ್ತೀ? ವಾಡೇದಾಗ? ನನ್ನ ಮಗ ಮದ್ದಿನ ಕಾರಖಾನಿಯೊಳಗ ಕೆಲಸಾ ಮಾಡ್ತಾನ, ನೀ ಮನ್ಯಾಗ ಮದ್ದು ಸಿಡಸ್ತೀ? ಅವ ಕದ್ದು ತಂದಾನ ಅಂದ್ರ ಯಾರು ಅಲ್ಲಂತಾರ?”

“ಇಂಥಾ ಸುಳ್ಳಾದ್ರೂ ಯಾರರೆ ಹೇಳ್ತಾರೇನ್ರಿ ಅಪ್ಪಾರ?” ಎಂದ ನಿಜಲಿಂಗಪ್ಪ. ಅದು ಹೆಂಡತಿಯ ಪರವೋ ವಿರುದ್ಧವೋ ಯಾರಿಗೂ ತಿಳಿಯಲಿಲ್ಲ, ಅವನಿಗೂ.

“ಮಾತ ಬ್ಯಾಡ,” ಎಂದಳು ಕಾಶವ್ವ. “ಬೇಲ ಭಂಡಾರ ಅದ. ಎತ್ತಲಿ.”

ಮೈಲಾರನ ಒಕ್ಕಲಿಗೆ ಅದಕ್ಕಿಂತ ದೊಡ್ಡ ಕೋರ್ಟು ಇಲ್ಲ. ಬಿಲ್ವದ ಎಲೆಯ ಮೇಲೆ ಅರಿಷಿಣ ಇಟ್ಟು ಅಂಗೈಗೆ ಕೊಡುತ್ತಾರೆ; ಅದನ್ನು ಹಿಡಿದು ಸುಳ್ಳು ಹೇಳಿದರೆ ವಂಶ ಉಳಿಯುವುದಿಲ್ಲ. ಕಲ್ಲವ್ವ ಕೈ ತೊಳೆದು ಬಂದು ಅಂಗೈ ಚಾಚಿದಳು.

“ಸಂದೂಕದಾಗಿನ ಗುಂಜಿ ಬಂಗಾರ ಮುಟ್ಟಿಲ್ಲ ಅಂತ ಹೇಳು.”

“ಗುಂಜಿ ಬಂಗಾರ ಮುಟ್ಟಿಲ್ಲ,” ಎಂದಳು ತಡವರಿಸದೆ. ಕಾಶವ್ವನ ಮುಖ ಅರ್ಧ ಸಡಿಲಿತು.

“ಇನ್ನೊಂದದ,” ಎಂದರು ಶಿವರುದ್ರಪ್ಪ. “ಈ ಮನೀದು ಒಂದು ತುತ್ತು ಅನ್ನ, ಒಂದು ಹಿಡಿ ಹಿಟ್ಟು ನಿಮ್ಮಣ್ಣನ ಕೈ ಸೇರಿಲ್ಲ ಅಂತ ಹೇಳು.”

ಕಲ್ಲವ್ವನ ಕೈ ನಿಧಾನವಾಗಿ ಕೆಳಗಿಳಿಯಿತು. ಬಿಲ್ವದ ಎಲೆಯನ್ನು ಅರಿಷಿಣ ಚೆಲ್ಲದಂತೆ ತಾಟಿನಲ್ಲಿ ಇಟ್ಟಳು.

“ಅದನ್ನ ಹೇಳಾಂಗಿಲ್ರಿ.”

“ಅಂದ್ರ ಸೇರೇದ!”

“ನಾ ಕೊಟ್ಟಿಲ್ರಿ. ಆದ್ರ ಹೇಳಾಂಗಿಲ್ಲ.”

“ನೀ ಕೊಡದ ಯಾರು ಕೊಟ್ರು? ನಾನೋ? ನಿಮ್ಮತ್ತಿಯೋ?”

ಹಿತ್ತಲಲ್ಲಿ ಭಂಡಾರಿ ಬೊಗಳುತ್ತಿತ್ತು, ಬಾಗಿಲಿಗೆ ಯಾರೋ ವಾಘ್ಯಾ ಬಂದು “ಯಳಕೋಟ ಯಳಕೋಟ” ಎಂದು ಖಂಡೋಬನ ಜಯಕಾರ ಹಾಕುತ್ತಿದ್ದ. ಅಂದು ಯಾರೂ ಹಿಟ್ಟು ನೀಡಲು ಏಳಲಿಲ್ಲ.

ತೀರ್ಮಾನ ಅಲ್ಲೇ ಆಯಿತು. ಹಬ್ಬದ ನೆವದಲ್ಲಿ ಕಾರಹುಣ್ಣಿಮೆಯ ದಿನ ಅವಳನ್ನು ತವರಿಗೆ ಕಳಿಸುವುದು. ಕರೆಯಲು ಯಾವಾಗ ಬರುತ್ತಾರೆಂಬುದನ್ನು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹಾಗೆ ದಿನ ಹೇಳದೆ ಕಳಿಸಿದ ಸೊಸೆಯಂದಿರು ಎಷ್ಟು ಜನ ತವರಿನ ಕಟ್ಟೆಯ ಮೇಲೆ ಮುದುಕಿಯರಾದರೆಂಬುದು ಅವಳಿಗೆ ಗೊತ್ತಿತ್ತು. ಒಂದೇ ಮಾತು ಕೇಳಿದಳು. “ಹೋಗೂತನಕ ಹಳ್ಳಕ್ಕ ಹೋಗಲ್ರಿ?”

“ಹಿತ್ತಲಾ ದಾಟಿದ್ರ ನೋಡು!” ಎಂದಳು ಕಾಶವ್ವ.

ಆ ಐದಾರು ದಿನ ಮನೆ ಹೇಗೆ ನಡೆಯಿತೆಂದರೆ, ಕಾಶವ್ವ ಹಿಟ್ಟು ಅಳೆದು ಕೊಡುವಳು, ಕಲ್ಲವ್ವ ರೊಟ್ಟಿ ಬಡಿಯುವಳು, ಕಾಶವ್ವ ಎಣಿಸಿ ಬುಟ್ಟಿಯಲ್ಲಿಡುವಳು. ಕೀಲಿಕೈ ಈಗ ಅತ್ತೆಯ ಕೊರಳಲ್ಲಿ. ನಿಜಲಿಂಗಪ್ಪ ಹಾಸಿಗೆಯನ್ನು ಹೊರಗಿನ ಖೋಲಿಗೆ ಒಯ್ದ. ಒಮ್ಮೆ ನೀರಿನ ಮನೆಯ ಹತ್ತಿರ ಅವಳೊಬ್ಬಳೇ ಸಿಕ್ಕಾಗ, “ಖರೇ ಹೇಳಿಬಿಡ. ನಾ ಅಪ್ಪನ್ನ ಸಮಾಧಾನ ಮಾಡ್ತೀನಿ,” ಎಂದ.

“ಖರೇ ಹೇಳೇನಲ್ರಿ. ನೀವು ನಕ್ರಿ.”

“ನಾಯೀದಲ್ಲ. ಇನ್ನೊಂದು.”

“ಇನ್ನೊಂದು ನನ್ನೊಬ್ಬಾಕಿದಲ್ರಿ,” ಎಂದು ಕೊಡ ಎತ್ತಿಕೊಂಡು ಹೋದಳು. ಅವನ ಸಂಶಯ ಇನ್ನಷ್ಟು ಬೆಳೆಯಿತು.

ಕಾರಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಗಾಳಿ ಪೂರಾ ನಿಂತಿತು. ಊರ ಮೇಲಿನ ಮೋಡ ಸೀಸದ ಬಣ್ಣಕ್ಕೆ ತಿರುಗಿತು. ಅಂಗಡಿ ಬೇಗ ಮುಚ್ಚಿ ಶಿವರುದ್ರಪ್ಪ ಮನೆಗೆ ಬಂದಿದ್ದರು. ಮರುದಿನದ ಪ್ರಯಾಣಕ್ಕೆಂದು ನಿಜಲಿಂಗಪ್ಪನೂ ಅರ್ಧ ದಿನದ ರಜೆ ಹಾಕಿದ್ದ. ಕಲ್ಲವ್ವನ ಗಂಟು ಬಾಗಿಲ ಬಳಿ ಕಟ್ಟಿಟ್ಟಿತ್ತು.

ದೂರದಲ್ಲಿ ಮೊದಲ ಗುಡುಗು ಉರುಳಿತು. ಹಿತ್ತಲಲ್ಲಿ ಮಲಗಿದ್ದ ಭಂಡಾರಿ ಎದ್ದು ನಿಂತಿತು. ಬಾಲ ಕಾಲ ನಡುವೆ.

“ಹಿಡೀರಿ, ಹಿಡೀರಿ ಅದನ್ನ!” ಎಂದು ಶಿವರುದ್ರಪ್ಪ ಬೆತ್ತಕ್ಕೆ ಕೈ ಹಾಕಿದರು. “ಭರಣಿ ಗಿರಣಿ ಒಳಗ ತಗೀರಿ!”

“ಬೆತ್ತ ಕೆಳಗಿಡ್ರಿ ಮಾವಾರ,” ಎಂದಳು ಕಲ್ಲವ್ವ. ಆ ಮನೆಯಲ್ಲಿ ಅವಳು ಮೊದಲ ಸಲ ಜೋರಾಗಿ ಮಾತಾಡಿದ್ದು ಅದೇ. ಶಿವರುದ್ರಪ್ಪ ಬೆತ್ತ ಕೆಳಗಿಟ್ಟದ್ದೂ ಮೊದಲ ಸಲ.

ನಾಯಿ ಮನೆಯೊಳಗೆ ನುಗ್ಗಿತು. ಗೋಡೆಯತ್ತ ಹೋಗಲಿಲ್ಲ, ಕಾಳಿನ ಪೆಟ್ಟಿಗೆಯ ಕೆಳಗೆ, ಕೌದಿಯ ಹಿಂದೆ ಸೇರಿಕೊಂಡು ಮೂತಿ ಮಾತ್ರ ಹೊರಗಿಟ್ಟಿತು. ಕಲ್ಲವ್ವ ಧೋತರದ ಪಟ್ಟಿ ಎದೆಗೆ ಸುತ್ತಿ ಬಿಗಿದಳು. ಎರಡನೆಯ ಗುಡುಗು ಮಾಳಿಗೆಯ ಮೇಲೆಯೇ ಬಿದ್ದಂತಾಯಿತು. ನಾಯಿ ನಡುಗಿತು. ನಡುಗುತ್ತಲೇ ಕಲ್ಲವ್ವನ ಕೈ ನೋಡಿತು.

ಅವಳ ಕೈಯಲ್ಲಿ ಏನೂ ಇರಲಿಲ್ಲ. ರೊಟ್ಟಿಯ ಬುಟ್ಟಿ ಅತ್ತೆಯ ಮಗ್ಗುಲಲ್ಲಿತ್ತು, ಎಣಿಸಿಟ್ಟದ್ದು.

“ಅತ್ತೀ, ರೊಟ್ಟಿ.”

ಕಾಶವ್ವ ಒಂದು ಗಳಿಗೆ ಸೊಸೆಯನ್ನು ನೋಡಿದಳು, ಒಂದು ಗಳಿಗೆ ನಾಯಿಯನ್ನು ನೋಡಿದಳು. ಆಮೇಲೆ ಬುಟ್ಟಿಯನ್ನೇ ತಳ್ಳಿದಳು.

ಗುಡುಗಿದಾಗೊಮ್ಮೆ ಒಂದು ತುಣುಕು. ಮಿಂಚು ಹೊಳೆದರೆ ಸಾಕು, ಭಂಡಾರಿ ಕಿವಿ ನಿಮಿರಿಸಿ ಬಾಯಿ ತೆರೆಯತೊಡಗಿತು. ಪಕ್ಕದ ಮನೆಯ ತಗಡು ಹಾರಿ ಅಂಗಳಕ್ಕೆ ಬಿದ್ದಾಗ ಒಮ್ಮೆ ಕುಂಯ್ ಎಂದು ಕೌದಿಯೊಳಗೆ ಹಿಂದೆ ಸರಿಯಿತು. ಕಲ್ಲವ್ವ ಕರೆಯಲಿಲ್ಲ, ಎಳೆಯಲಿಲ್ಲ, ತುಣುಕನ್ನು ಮೂತಿಯ ಮುಂದಿಟ್ಟು ಕಾದಳು. ಸ್ವಲ್ಪ ಹೊತ್ತಿಗೆ ಅದೂ ಹೋಯಿತು. ನಿಜಲಿಂಗಪ್ಪ ಬಾಯಿ ಬಿಟ್ಟುಕೊಂಡು ನಿಂತಿದ್ದ.

“ನಿಮಗೂ ಒಂದು ತುಣುಕು ಬೇಕೇನ್ರಿ?” ಎಂದಳು ಕಲ್ಲವ್ವ. ಅವನು ಬಾಯಿ ಮುಚ್ಚಿದ.

ಮಳೆ ಇನ್ನೂ ಹೊಡೆಯುತ್ತಿರುವಾಗಲೇ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಗೋಣಿಚೀಲ ತಲೆಗೆ ಹಾಕಿಕೊಂಡು ರಂಗೂಬಾಯಿ ನಿಂತಿದ್ದಳು, ಮುಖ ಬಿಳಿಚಿತ್ತು.

“ಕುತ್ರಾ ಮೇಲಾ ಕಾಯ್?” ಎಂದಳು. ನಾಯಿ ಸತ್ತಿತೇ ಎಂಬ ಪ್ರಶ್ನೆ. “ಇಷ್ಟು ಗುಡುಗಿದರೂ ಸದ್ದಿಲ್ಲ. ವಿಷ ಹಾಕಿದಿರೇನು? ಖೋಲಿಯ ಸಲುವಾಗಿ ಖಂಡೋಬಾನ ನಾಯಿಯನ್ನು ನನ್ನ ವಾಡೆಯಲ್ಲಿ ಕೊಂದಿರೇನು ಕಾಶೀಬಾಯಿ? ಆ ಪಾಪ ನನ್ನ ತಲೆಗೆ ಕಟ್ಟಿದಿರೇನು?”

“ಬಗ್ಗಿ ನೋಡ್ರಿ ಬಾಯಿ.”

ರಂಗೂಬಾಯಿ ಬಗ್ಗಿ ನೋಡಿದಳು. ಭಂಡಾರಿ ಅವಳ ಕೈಯಲ್ಲೂ ರೊಟ್ಟಿ ಇದೆಯೇ ಎಂದು ಮೂಸಿತು. ಅವಳು ಅದರ ಹೊಟ್ಟೆ ಮುಟ್ಟಿ, ಉಸಿರಾಡುವುದನ್ನು ಖಾತ್ರಿ ಮಾಡಿಕೊಂಡಳು. “ಅಫೀಮು ಗಿಫೀಮು ಕೊಟ್ಟಿಲ್ಲವಷ್ಟೆ?” ಎಂದು ಇನ್ನೊಮ್ಮೆ ಕೇಳಿ, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಕಡೆಗೆ, “ಪಂಚಮಿಯ ಮಾತು ಬಿಡಿ. ಇರ್ರಿ,” ಎಂದು ಅಷ್ಟನ್ನು ಮಾತ್ರ ಕನ್ನಡದಲ್ಲಿ ಹೇಳಿ ಹೋದಳು.

ಮಳೆ ಸಣ್ಣಗಾಯಿತು. ಬುಟ್ಟಿಯಲ್ಲಿ ರಾತ್ರಿಗೆ ಒಂದೂ ರೊಟ್ಟಿ ಉಳಿದಿರಲಿಲ್ಲ.

ಕಾಶವ್ವ ಎದ್ದು ಸೊಸೆಯನ್ನು ಅಡಿಗೆಮನೆಗೆ ಕರೆದು ಬಾಗಿಲು ಎಳೆದುಕೊಂಡಳು. “ನಾಯೀದು ಖರೇ ಆತು. ಬಂಗಾರದ್ದು ಖರೇ ಆತು. ಹಂಗಾರ ಎರಡನೇ ಆಣಿ ಯಾಕ ಮಾಡ್ಲಿಲ್ಲ?”

“ಕೇಳಬ್ಯಾಡ್ರಿ ಅತ್ತೀ.”

“ಕೇಳಾಕಿನ. ಇವತ್ತ ಹೇಳ್ಲಿಲ್ಲಂದ್ರ ನಾಳೆ ಗಾಡಿ ಹತ್ತತೀ.”

ಕಲ್ಲವ್ವ ದನಿ ತಗ್ಗಿಸಿದಳು. “ಭಾರತ ಹುಣ್ಣಿಮಿ ಹಿಂದಿನ ಐತವಾರ ಒಬ್ಬ ಗಡ್ಡದ ವಾಘ್ಯಾ ಬಂದಿದ್ನಲ್ರಿ. ನೀವು ಸೇರು ಹಿಟ್ಟು ನೀಡಿದ್ರಿ. ಬೆಲ್ಲ ಇಟ್ರಿ.”

“ಇಟ್ಟೆ. ನೀ ಹೊರಗ ಬಂದು ಕಾಲ ಮುಟ್ಲಿಲ್ಲ.”

“ಹೊರಗ ಬಂದಿದ್ರ ಅತ್ತುಬಿಡತಿದ್ನ್ರಿ. ಅವ ನಮ್ಮಣ್ಣ.”

ಕಾಶವ್ವ ಒಲೆಯ ಮುಂದೆ ಕೂತುಬಿಟ್ಟಳು. “ನಾ ಅವನ ಕಾಲ ಮುಟ್ಟೇನಿ,” ಎಂದಳು.

“ಹೌದ್ರಿ. ಅವನೂ ಅಂಜಿದ. ನನಗಿಂತ ಹಿರೇರು, ಕಾಲ ಮುಟ್ಟಿಸಿಕೊಂಡೆ, ಪಾಪ ಬಂತು ಅಂತ ಆಮ್ಯಾಲ ಇನ್ನೊಬ್ಬ ವಾಘ್ಯಾನ ಕಡಿಂದ ಹೇಳಿಕಳಿಸಿದ್ದ.”

“ಯಳಕೋಟ ಮಾತ್ರ ಛಲೋ ಕೂಗಿದ,” ಎಂದಳು ಕಾಶವ್ವ. ಅದು ನಗೆಯಾಗಿ ಶುರುವಾಗಿ ಮಧ್ಯದಲ್ಲೇ ಮುರಿಯಿತು. “ಅಂದ್ರ ಈ ಮನೀ ಹಿಟ್ಟು ಅವನ ಕೈಗೆ ಕೊಟ್ಟಾಕಿ ನಾನ.”

“ಅದಕ್ಕ ಹೇಳಲಿಲ್ರಿ. ಮಾವಾರ ಅಂಜಿ ಎಲ್ಲೆರೆ ಬಾಯಿ ಬಿಟ್ಟಿದ್ರ ಪೊಲೀಸರು ನಿಮ್ಮನ್ನ ಕೇಳತಿದ್ರು.”

ಹೊರಗೆ ಶಿವರುದ್ರಪ್ಪ ಕೆಮ್ಮಿದರು. “ಏನಂತ? ಆಣಿ ಯಾಕ ಮಾಡ್ಲಿಲ್ಲಂತ?”

ಕಾಶವ್ವ ಬಾಗಿಲು ತೆರೆದಳು. ಕೊರಳಿನಿಂದ ಕೀಲಿಕೈ ತೆಗೆದು ಮೈಲಾರನ ಪಟದ ಹಿಂದೆ ತೂಗುಹಾಕಿದಳು. “ನಿಂಗಾ, ಆ ಗಂಟು ಬಿಚ್ಚಿ ಒಳಗಿಡು. ಅಕಿ ಎಲ್ಲೂ ಹೋಗೂದಿಲ್ಲ,” ಎಂದಳು ಮಗನಿಗೆ.

“ನಾ ಕೇಳಿದ್ದಕ್ಕ ಉತ್ತರ ಹೇಳು.”

“ಉತ್ತರಾ ಬೇಕಾದ್ರ ಬೇಲ ಭಂಡಾರ ನನ್ನ ಕೈಯಾಗ ಇಡ್ರಿ. ಅದ ಮಾತ ಹೇಳಸ್ರಿ. ನಾನೂ ಹೇಳೂದಿಲ್ಲ.”

ಶಿವರುದ್ರಪ್ಪ ಹೆಂಡತಿಯನ್ನು ನೋಡಿದರು. ಮೂವತ್ತು ವರ್ಷ ಅದೇ ಮುಖದ ಎದುರು ಕೂತು ಉಂಡಿದ್ದರು. ಕೆಳಗಿಟ್ಟಿದ್ದ ಬೆತ್ತವನ್ನೆತ್ತಿ ಮೂಲೆಗೆ ಒರಗಿಸಿದರು. ನಿಜಲಿಂಗಪ್ಪ ಗಂಟನ್ನು ಬಿಚ್ಚಿ, ಮೊದಲು ತನ್ನ ಹಾಸಿಗೆಯನ್ನು ಒಳಗೆ ತಂದ. ಕಲ್ಲವ್ವ ರಾತ್ರಿಯ ರೊಟ್ಟಿಗೆ ಹಿಟ್ಟು ನಾದಲು ಕೂತಳು. ಕಾಶವ್ವ ಅಂದು ಅಳೆಯದೆ ಸುರಿದಳು.

ಆ ಮಳೆಗಾಲದಲ್ಲಿ ಭಂಡಾರಿ ನಡುಗಿತು, ಆದರೆ ಊಳಿಡಲಿಲ್ಲ. ಖೋಲಿ ಉಳಿಯಿತು, ನಾಯಿ ಉಳಿಯಿತು, ಸೊಸೆ ಉಳಿದಳು. ಹಾಳಾದದ್ದು ಸಂದೂಕದ ಕೀಲಿಕೈ. ಆಷಾಢದಲ್ಲಿ ಬೀಗ ಒಡೆಸಬೇಕಾಯಿತು. ಗೂಳಪ್ಪನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎರಡು ಹೆಂಗಸರು ಒಲೆಯ ಮುಂದೆ ಪಿಸುಗುಟ್ಟಿದರೆ ಶಿವರುದ್ರಪ್ಪ ಊಟ ನಿಲ್ಲಿಸಿ ಕಿವಿಗೊಡುವುದು ಮಾತ್ರ ಕಡೆಯವರೆಗೂ ಹೋಗಲಿಲ್ಲ. ಐತವಾರದ ವಾಘ್ಯಾಗಳಿಗೆ ಕಾಶವ್ವ ಹಿಟ್ಟು ನೀಡುವುದನ್ನು ಬಿಡಲಿಲ್ಲ. ಆದರೆ ಅರಿಷಿಣ ನೋಡಿ ನೀಡುವವಳು ಈಗ ಮೊದಲು ಮುಖ ನೋಡುತ್ತಿದ್ದಳು.